ಕಥಿ ಕಾದಂಬರಿ ಮೊದಲನೇ ಡ್ರಾಫ್ಟ್ ಮುಗಿಸೋದು ಹ್ಯಾಂಗ: ಕಲಬುರಗಿ ಕಡಿ ಬರಿಯೋರಿಗೆ

ನಮ್ಮ ಕಡಿ ಕಥಿ ಕಾದಂಬರಿ ಸುರು ಮಾಡಿದವರಿಗೆ ಬರ ಇಲ್ರಿ, ಮುಗಿಸಿದವರಿಗೆ ಬರ. ಕಲಬುರಗಿದಾಗ ಯಾವ್ದೇ ಸಾಹಿತ್ಯ ಕಾರ್ಯಕ್ರಮಕ್ಕ ಹೋಗ್ರಿ, ಚಾ ಕುಡಿಯೋ ಹೊತ್ತಿನ್ಯಾಗ ಬಾಜು ನಿಂತವರು "ನಂದೂ ಒಂದ್ ಕಾದಂಬರಿ ನಡದದ ಸರ್" ಅಂತಾರ, ಎಲ್ಲಿತನಕ ಬಂದದ ಅಂದ್ರ ಮೂರು ಅಧ್ಯಾಯ ಆಗ್ಯಾವ ಅಂತಾರ, ಮುಂದಿನ ವರ್ಷ ಕೇಳಿದ್ರ ಬಿ ಅವೇ ಮೂರು ಅಧ್ಯಾಯ, ಆದ್ರ ಈಗ ಭಾಳ ಚಂದ ಆಗ್ಯಾವ. ಇದು ಆಲಸ್ಯ ಅಲ್ಲ, ಅವರು ಖರೇನೇ ದಿನಾ ಕುಂತು ದುಡದಾರ, ಆದ್ರ ದುಡದಿದ್ದೆಲ್ಲಾ ಹಿಂದಿಂದ ತಿದ್ದಲಿಕ್ಕೇ ಹೋಗ್ಯದ.

ಅದಕ್ಕ ನಾ ಹೇಳೋದು ಒಂದೇ ಮಾತು. ಮೊದಲನೇ ಡ್ರಾಫ್ಟ್ ಅಂದ್ರ ಕಥಿ ಆ ದಂಡಿಯಿಂದ ಈ ದಂಡಿಗೆ ಮುಟ್ಟಬೇಕು, ಅಷ್ಟ. ಚಂದ ಇರಬೇಕಂತಿಲ್ಲ, ತಪ್ಪಿಲ್ಲದೇ ಇರಬೇಕಂತಿಲ್ಲ, ಯಾರಿಗೂ ತೋರ್ಸೋಹಂಗ ಇರಬೇಕಂತ ಬಿ ಇಲ್ಲ. ಕಡೀ ಸೀನ್ ಬರದು ಮುಗಿಯೋತನಕ ಹಿಂದಿನ ಪುಟ ತಿರುವೋದು ಬಂದ್. ಉಳಿದಿದ್ದೆಲ್ಲಾ ಈ ಒಂದು ಮಾತು ಪಾಲಿಸಲಿಕ್ಕ ಬೇಕಾಗೋ ಹಿಕಮತ್ತುಗಳು.

ಮೊದಲು ಕಡೀದು ಗೊತ್ತು ಮಾಡ್ಕೊಳ್ರಿ

ನಡುವ ನಿಂತಿರೋ ಕಥಿ ಇದ್ರ ಅದನ್ನ ಮೊದಲಿಂದ ಓದಲಿಕ್ಕ ಹೋಗಬ್ಯಾಡ್ರಿ, ಓದಿದ್ರ ತಿದ್ದಲಿಕ್ಕ ಕೈ ಹೋಗೇ ಹೋಗ್ತದ. ಒಂದು ಖಾಲಿ ಹಾಳಿ ತಗೊಂಡು ಮೂರು ಸಾಲು ಬರೀರಿ: ಯಾರಿಗೆ ಏನ್ ಬೇಕಾಗ್ಯದ, ಅಡ್ಡ ಏನ್ ಬಂದದ, ಕಡೀಗೆ ಏನಾಗ್ತದ. ಮೂರನೇ ಸಾಲು ಬರೀಲಿಕ್ಕ ಆಗ್ಲಿಲ್ಲಂದ್ರ ನೀವು ನಿಂತಿದ್ದು ಯಾಕಂತ ಅಲ್ಲೇ ತಿಳೀತದ.

ಒಂದು ಉದಾಹರಣಿ ಹಿಡಕೊಂಡು ಹೋಗೋಣ. ಶಹಾಬಾದ್ ಕಡಿ ಫರಸಿ ಕಲ್ಲಿನ ಗಣ್ಯಾಗ ಕೆಲಸ ಮಾಡೋ ಮಲ್ಲಪ್ಪ, ಅವನ ಮಗಳು ಭಾಗಮ್ಮ. ಆಕಿಗೆ ಬೆಂಗಳೂರಿಗೆ ಹೋಗಿ ನರ್ಸಿಂಗ್ ಓದಬೇಕು, ಅಪ್ಪ ಬ್ಯಾಡಂತಾನ, ಸ್ವಾದರ ಮಾವನ ಮಗನ ಸಂಗಟ ಲಗ್ನಕ್ಕ ಮಾತು ಕೊಟ್ಟಾನ. ಇಷ್ಟು ಎಲ್ಲರಿಗೂ ಹೊಳೀತದ. ಕಡೀಗೆ ಏನು? "ಆಕಿ ಹೋಗ್ತಾಳೋ ಇಲ್ಲೋ ನೋಡೋಣ" ಅಂತ ಬಿಟ್ರ ಐದನೇ ಅಧ್ಯಾಯಕ್ಕ ಗಾಡಿ ನಿಲ್ತದ. ಅದರ ಬದಲಿ ಹಿಂಗ ಬರೀರಿ: "ಆಕಿ ರಾತ್ರಿ ರೈಲಿಗೆ ಹೋಗ್ತಾಳ. ಅಪ್ಪ ಸ್ಟೇಷನ್ನಿಗೆ ಬರ್ತಾನ, ಆದ್ರ ರೈಲು ಬಿಟ್ಟ ಮ್ಯಾಲ." ಈಗ ನಿಮಗ ಒಂದು ರೈಲು ಸಿಕ್ತು, ಒಂದು ರಾತ್ರಿ ಸಿಕ್ತು, ತಡಾ ಮಾಡಿದ ಅಪ್ಪ ಸಿಕ್ಕ, ಅವನು ಯಾಕ ತಡಾ ಮಾಡಿದ ಅನ್ನೋದು ಬಿ ನಡುವಿನ ಅಧ್ಯಾಯಕ್ಕ ಒಂದು ಕೆಲಸ ಕೊಡ್ತದ. ಮುಂದ ಬರಿತಾ ಬರಿತಾ ಈ ಕಡೀದು ಬದಲಾದ್ರ ಆಗ್ಲಿ, ಯಾರೂ ಕೇಸ್ ಹಾಕಂಗಿಲ್ಲ. ಆದ್ರ ಮುಖ ಯಾವ ಕಡಿ ಅನ್ನೋದು ದಿನಾ ಗೊತ್ತಿರಬೇಕು.

ಇಪ್ಪತ್ತು ಪುಟದ ಪ್ಲಾನು, ಪಾತ್ರಗಳ ವಂಶಾವಳಿ, ಊರಿನ ನಕಾಶಿ, ಇವೆಲ್ಲಾ ಮಾಡೋರು ಮಾಡ್ರಿ. ನನಗ ಕೇಳಿದ್ರ ಅದರಾಗ ಅರ್ಧ ಬರೆಯೋದು ತಪ್ಪಿಸ್ಕೊಳ್ಳೋ ದಂಧೆ.

ತೂತು ಬಿಟ್ಟು ಮುಂದ ಹೋಗೋದು

ಇದು ಎಲ್ಲಕ್ಕಿಂತ ದೊಡ್ಡ ಹಿಕಮತ್ತು, ಅದಕ್ಕ ಇಲ್ಲಿ ಜರಾ ಕುಂತು ಹೇಳ್ತೀನಿ.

ಬರೆಯೋವಾಗ ದಿನಾ ಏನಾದ್ರೂ ಗೊತ್ತಿಲ್ಲದ್ದು ಎದುರಿಗೆ ಬರ್ತದ. ಒಂದು ಹೆಸರು, ಒಂದು ರೇಟು, ಒಂದು ಹಾದಿ, ಇಲ್ಲಾ ಒಂದು ಛಲೋ ಮಾತು ಹೊಳಿಯಂಗಿಲ್ಲ. ಅಲ್ಲಿ ನಿಂತು ಫೋನ್ ತಗೀತೀರಿ, ಹುಡುಕ್ತೀರಿ, ಹುಡುಕ್ತಾ ಹುಡುಕ್ತಾ ಯಾವ್ದೋ ವಿಡಿಯೋದಾಗ ತಾಸು ಹೋಗ್ತದ. ಅದರ ಬದಲಿ ಅಲ್ಲೊಂದು ಗುರುತು ಹಾಕಿ ದಾಟಿ ಹೋಗ್ರಿ. ಗುರುತು ಯಾವ್ದು ಬೇಕಾದ್ರೂ ಆಗ್ಲಿ, ಕಥ್ಯಾಗ ಮತ್ತೆಲ್ಲೂ ಬರಬಾರದು ಅಷ್ಟ. ನಾ ಎರಡು ಹ್ಯಾಶ್ ಹಾಕ್ತೀನಿ. ನೋಡ್ರಿ, ಭಾಗಮ್ಮನ ಸ್ಟೇಷನ್ ಸೀನ್ ಮೊದಲನೇ ಡ್ರಾಫ್ಟಿನ್ಯಾಗ ಹಿಂಗಿರ್ತದ:

ಭಾಗಮ್ಮ ಟಿಕೇಟ್ ಕೌಂಟರ್ ಮುಂದ ನಿಂತಳು. ಕರ್ಚೀಫಿನ ಗಂಟು ಬಿಚ್ಚಿ ರೊಕ್ಕ ಎಣಿಸಿದಳು. ##ಟಿಕೇಟ್ ಎಷ್ಟು ಕೇಳು## ಹಿಂದ ನಿಂತವ ಏನೋ ಅಂದ. ##ಏನಂದ? ಜರಾ ಚುಚ್ಚೋ ಮಾತು ಬೇಕು## ಆಕಿ ತಿರುಗಿ ನೋಡಲಿಲ್ಲ. ##ಇಲ್ಲಿ ಅಪ್ಪನ ಕೈ ನೆನಪು, ಕಲ್ಲಿನ ಧೂಳು, ಐದಾರು ಸಾಲು## ರೈಲು ಬಂತು.

ಓದಲಿಕ್ಕ ಹೊಲಸು ಕಾಣ್ತದ, ಖರೆ. ಆದ್ರ ರೈಲು ಬಂತು ನೋಡ್ರಿ, ಕಥಿ ಮುಂದ ಹೋಯ್ತು. ಎಲ್ಲಾ ಮುಗಿದ ಮ್ಯಾಲ ಸರ್ಚಿನ್ಯಾಗ ## ಅಂತ ಹೊಡದ್ರ ಎಲ್ಲಾ ತೂತು ಒಂದರ ಹಿಂದ ಒಂದು ಸಿಗ್ತಾವ. ನೋಟ್‌ಬುಕ್ಕಿನ್ಯಾಗ ಬರೆಯೋರು ಕೆಂಪು ಪೆನ್ನಿಲೆ ಗೋಲ್ ಹಾಕ್ರಿ.

ಒಂದು ಪೂರಾ ಸೀನೇ ಬರೀಲಿಕ್ಕ ಆಗ್ಲಿಲ್ಲಂದ್ರ ಬಿ ಇದೇ ಉಪಾಯ. "##ಇಲ್ಲಿ ಅಪ್ಪ ಮಗಳು ಜಗಳಾಡ್ತಾರ, ರೊಕ್ಕದ ಸಲುವಾಗಿ ಸುರು ಆಗಿ ಸತ್ತ ಅವ್ವನ ಮಾತಿಗೆ ಬರ್ತದ##" ಅಂತ ಒಂದು ಸಾಲು ಹಾಕಿ ಮುಂದಿನ ಸೀನಿಗೆ ಹೋಗ್ರಿ. ಒಂದೊಂದು ಸರ್ತಿ ಹೊಳ್ಳಿ ಬಂದಾಗ ಆ ಸೀನ್ ಬೇಕೇ ಇಲ್ಲ ಅಂತ ಗೊತ್ತಾಗ್ತದ, ಆ ಒಂದು ಸಾಲೇ ಸಾಕಾಗ್ತದ.

ಹಳೇ ಕಾಲದ ಕಥಿ ಬರೆಯೋರಿಗಂತೂ ಈ ತೂತಿನ ವಿದ್ಯಾ ಬರದಿದ್ರ ನಡಿಯಂಗೇ ಇಲ್ಲ. ನಮ್ಮ ಭಾಗದಾಗ ಭಾಳ ಮಂದಿಗೆ 1948ರ ಕಥಿ ಬರೀಬೇಕಂತ ಇರ್ತದ, ರಜಾಕಾರರು, ಊರು ಬಿಟ್ಟು ಗಡಿ ದಾಟಿದವರು, ಸೆಪ್ಟೆಂಬರ್ 17ಕ್ಕ ನಿಜಾಮನ ರಾಜ್ಯ ಮುಗಿದಿದ್ದು. ಅಜ್ಜ ಹೇಳಿದ ಮಾತು ಕಿವ್ಯಾಗ ಇರ್ತದ, ಉಮೇದು ಬಿ ಇರ್ತದ. ಆದ್ರ ಎರಡನೇ ಪುಟಕ್ಕೇ ಅಜ್ಜ ಅಂಗಡ್ಯಾಗ ಬೆಲ್ಲ ತಗೊಂಡು ರೂಪಾಯಿ ಕೊಡಬೇಕು, ಯಾವ ರೂಪಾಯಿ? ಆಗ ನಿಜಾಮನ ಹಾಲಿ ಸಿಕ್ಕಾ ಬ್ಯಾರೆ, ಇಂಗ್ರೇಜರ ಕಲ್ದಾರ್ ಬ್ಯಾರೆ, ಎರಡರ ಬೆಲಿ ಬಿ ಒಂದೇ ಇರಲಿಲ್ಲ. ಇದನ್ನ ಹುಡುಕ್ಕೋಂತ ಲೈಬ್ರರಿಗೆ ಹೋದವರು ಗ್ಯಾಝೆಟಿಯರ್ ಹಿಡಕೊಂಡು ಕುಂತು ಬಿಡ್ತಾರ, ಅಜ್ಜ ಪಾಪ ಅಂಗಡಿ ಮುಂದೇ ನಿಂತಿರ್ತಾನ. "##ಹಾಲಿನೋ ಕಲ್ದಾರೋ##" ಅಂತ ಹಾಕಿ ಅಜ್ಜಗ ಬೆಲ್ಲ ಕೊಟ್ಟು ಮನಿಗೆ ಕಳಸ್ರಿ.

ಹಂಗೇ ಊರು ಜಿಲ್ಲಾದ ಹೆಸರು. 1948ರ ಕಥ್ಯಾಗ ಒಬ್ಬವ "ನಮ್ದು ಯಾದಗಿರಿ ಜಿಲ್ಲಾರಿ" ಅಂದ್ರ ತಪ್ಪು, ಯಾದಗಿರಿ ಜಿಲ್ಲಾ ಆಗಿದ್ದೇ 2009ರಾಗ, ಅದಕ್ಕ ಮೊದಲು ಅದು ಗುಲಬರ್ಗಾ ಜಿಲ್ಲಾದಾಗ ಇತ್ತು. ಗುಲಬರ್ಗಾ ಹೋಗಿ ಸರಕಾರಿ ಕಾಗದದಾಗ ಕಲಬುರಗಿ ಆಗಿದ್ದು 2014ರಾಗ, ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಗಿದ್ದು 2019ರಾಗ. ಇಂಥಾ ತಪ್ಪು ಡ್ರಾಫ್ಟಿನ್ಯಾಗ ಹತ್ತು ಇರ್ಲಿ, ಎರಡನೇ ಸುತ್ತಿನ್ಯಾಗ ಒಂದು ಮುಂಜಾನಿದಾಗ ಎಲ್ಲಾ ತಗೀಬಹುದು. ಆದ್ರ ಬರೀದೇ ಇದ್ದ ಅಧ್ಯಾಯ ಒಂದು ಮುಂಜಾನಿದಾಗ ಬರಂಗಿಲ್ಲ.

ಸಾಲು ಕೆಟ್ಟದಾಗಿ ಬರ್ಲಿ

ಬೀದರದಾಗ ಬಿದರಿ ಕೆಲಸ ನೋಡಿದವರಿಗೆ ಇದು ತಿಳಸಲಿಕ್ಕ ಹಗುರ. ಸತು ತಾಮ್ರ ಕೂಡಿಸಿ ಎರಕ ಹೊಯ್ದು ತಗದ ಹೂದಾನಿ ಬೂದಿ ಬಣ್ಣದ್ದು, ಮೈಯೆಲ್ಲಾ ಒರಟು, ಅದನ್ನ ಯಾರೂ ರೊಕ್ಕಾ ಕೊಟ್ಟು ಒಯ್ಯಂಗಿಲ್ಲ. ಅರಾ ಹಾಕಿ ತಿಕ್ಕತಾರ, ಚಿತ್ತಾರ ಕೆತ್ತತಾರ, ಬೆಳ್ಳಿ ತಂತಿ ಕೂಡಸ್ತಾರ, ಎಲ್ಲಾ ಆದ ಮ್ಯಾಲ ಕಡೀಗೆ ಕ್ವಾಟಿ ಮಣ್ಣು ನವಸಾಗರ ಹಾಕಿದ ಬಿಸಿ ನೀರಿನ್ಯಾಗ ಅದ್ದಿದಾಗ ಆ ಕಪ್ಪು ಬರ್ತದ, ಬೆಳ್ಳಿ ಎದ್ದು ಕಾಣ್ತದ. ಎರಕ ಹೊಯ್ಯೋವಾಗೇ ಕಪ್ಪು ಬರ್ಲಿ ಅಂತ ಕುಂತ್ರ ಹೂದಾನೀನೂ ಇಲ್ಲ, ಕಪ್ಪೂ ಇಲ್ಲ.

ಹಂಗಾಗಿ "ಸೂರ್ಯ ಮುಳುಗಿದ, ಆಕಿಗೆ ಭಾಳ ದುಃಖ ಆಯ್ತು" ಅಂತ ಸವಕಲು ಸಾಲು ಬಂದ್ರ ಬರ್ಲಿ ಬಿಡ್ರಿ. ಅದು ಕೆಟ್ಟದ ಅಂತ ನಿಮಗ ಗೊತ್ತಾಗ್ಯದಲ್ಲ, ಅಂದ್ರ ಮುಂದ ತಿದ್ದಲಿಕ್ಕ ಬರ್ತದ.

ಮಾತುಕತಿ ಯಾವ ಕನ್ನಡದಾಗ?

ಈ ಪ್ರಶ್ನಿ ಕಲಬುರಗಿ, ಬೀದರ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲಾದವರನ್ನ ಎಲ್ಲರಕಿಂತ ಜಾಸ್ತಿ ಕಾಡ್ತದ. ತಲ್ಯಾಗ ಪಾತ್ರ "ಎಲ್ಲಿ ಹೊಂಟೀಯವ್ವಾ ಇಷ್ಟು ರಾತ್ರ್ಯಾಗ" ಅಂತದ, ಕೈ ಹಾಳಿ ಮ್ಯಾಲ "ಇಷ್ಟು ರಾತ್ರಿಯಲ್ಲಿ ಎಲ್ಲಿಗೆ ಹೋಗುತ್ತಿದ್ದೀಯಮ್ಮಾ" ಅಂತ ಬರೀತದ. ಶಾಲ್ಯಾಗ ಹಂಗ ಕಲಿಸ್ಯಾರ, ಬೆಂಗಳೂರಿನ ಪತ್ರಿಕಿಗೆ ಕಳಸಬೇಕಂತ ಅಂಜಿಕಿ ಬ್ಯಾರೆ. ಪ್ರತಿ ಸಾಲು ಹಿಂಗ ತಲ್ಯಾಗ ತಿರುಗಿಸಿ ತಿರುಗಿಸಿ ಬರದ್ರ ನೂರು ಸಾಲಿಗೇ ದಣುವಾಗ್ತದ, ಮ್ಯಾಲ ಪಾತ್ರ ಸತ್ತು ಬಿಡ್ತದ.

ಮೊದಲನೇ ಡ್ರಾಫ್ಟಿನ್ಯಾಗ ಮಾತು ಹ್ಯಾಂಗ ಕೇಳಸ್ತದೋ ಹಂಗ ಬರೀರಿ. ಆಳಂದ ಕಡಿಯವರ ಮಾತಿನ್ಯಾಗ ಮರಾಠಿ ಬರ್ತದಾ, ಬರ್ಲಿ. ಬೀದರಿನ ಅಂಗಡಿಯವ ಅರ್ಧ ದಖ್ಖನಿ ಉರ್ದು ಮಾತಾಡ್ತಾನಾ, ಮಾತಾಡ್ಲಿ. ಸೇಡಂ, ಗುರುಮಿಠಕಲ್ ಕಡಿ ತೆಲುಗು ಸೇರ್ತದ, ಸುರಪುರದವರ ರಾಗಾನೇ ಬ್ಯಾರೆ. "ಹೊಂಟೀನಿ" ಬರೀಬೇಕೋ "ಹೊಂಟೀನ್" ಬರೀಬೇಕೋ ಅಂತ ಈಗ ತಲಿ ಕೆಡಸ್ಕೋಬ್ಯಾಡ್ರಿ, ಒಂದು ಪುಟದಾಗ ಒಂದು ಥರ ಇನ್ನೊಂದು ಪುಟದಾಗ ಇನ್ನೊಂದು ಥರ ಇದ್ರ ಬಿ ನಡೀತದ, ಆಮ್ಯಾಲ ಒಂದು ಪಟ್ಟಿ ಮಾಡಿ ಒಮ್ಮೆಗೇ ಬದಲಿ ಮಾಡಬಹುದು. ನಿರೂಪಣಿ ಮಾತ್ರ ಆಡುಮಾತೋ ಪುಸ್ತಕದ ಮಾತೋ ಮೊದಲೇ ಒಂದು ಹಿಡ್ಕೊಳ್ರಿ. ನಡುವ ಮನಸು ಬದಲಾಯ್ತಂದ್ರ ಹಿಂದಿಂದು ಮುಟ್ಟದೇ ಅಲ್ಲಿಂದ ಮುಂದ ಹೊಸಾ ಥರ ಬರೀರಿ.

ದಿನಕ್ಕ ಎಷ್ಟು, ಯಾವಾಗ

ಇಂಗ್ಲಿಷ್ ಬರಹಗಾರರ ಲೆಕ್ಕ ನೋಡಿ ಹೆದರೋರು ಭಾಳ ಅದಾರ. ಅಮೆರಿಕಾದಾಗ 1999ರಾಗ ನ್ಯಾನೋರೈಮೋ ಅಂತ ಸುರು ಆಗಿತ್ತು, ನವೆಂಬರ್ ಒಂದೇ ತಿಂಗಳದಾಗ 50,000 ಶಬ್ದ ಬರೆಯೋದು, ಅಂದ್ರ ದಿನಕ್ಕ 1,667. ಅದನ್ನ ನಡಸೋ ಸಂಸ್ಥಾ 2025ರಾಗ ಬಂದ್ ಮಾಡ್ತೀವಂತ ಹೇಳ್ತು, ಲೆಕ್ಕ ಮಾತ್ರ ಇನ್ನೂ ಮಂದಿ ಬಾಯಾಗ ಅದ. ಆ ನಂಬರು ಹಂಗೇ ಕನ್ನಡಕ್ಕ ತರಬ್ಯಾಡ್ರಿ. "ಮನಿಯೊಳಗಿಂದ", "ಬರಲಿಲ್ಲಂದಿದ್ದಕ್ಕ" ಇಂಥಾವು ನಮಗ ಒಂದೊಂದೇ ಶಬ್ದ, ಇಂಗ್ಲಿಷಿನ್ಯಾಗ ಅದಕ್ಕ ಮೂರು ನಾಕು ಬೇಕು. ಅದೇ ಕಥಿ ಕನ್ನಡದಾಗ ಕಮ್ಮಿ ಶಬ್ದಕ್ಕ ಮುಗೀತದ.

ನೌಕರಿ, ಹೊಲ, ಮನಿ ಕೆಲಸ ಇದ್ದವರಿಗೆ ದಿನಕ್ಕ 300 ಶಬ್ದ ಸಾಕು, ನೋಟ್‌ಬುಕ್ಕಿನ್ಯಾಗ ಅಂದಾಜು ಎರಡು ಪುಟ. ವಾರಕ್ಕ ಐದು ದಿನ ಹಿಡದ್ರ 1,500 ಆಯ್ತು, ಇಪ್ಪತ್ತು ವಾರಕ್ಕ 30,000, ಅಂದ್ರ ಒಂದು ಸಣ್ಣ ಕಾದಂಬರಿ. 3,000 ಶಬ್ದದ ಸಣ್ಣಕಥಿ ಆದ್ರ ಎರಡು ವಾರ. ಆಂಟನಿ ಟ್ರಾಲಪ್ ಅಂತ ಇಂಗ್ಲೆಂಡಿನವ ಪೋಸ್ಟ್ ಖಾತೆದಾಗ ನೌಕರಿ ಮಾಡ್ಕೋಂತ ನಸುಕಿನ್ಯಾಗ ಎದ್ದು ಗಡಿಯಾರ ಮುಂದಿಟ್ಕೊಂಡು ಹದಿನೈದು ನಿಮಿಷಕ್ಕ 250 ಶಬ್ದ ಬರೀತಿದ್ದ, ಹಂಗೇ ನಲವತ್ತಕ್ಕೂ ಮ್ಯಾಲ ಕಾದಂಬರಿ ಬರದ. ಅಷ್ಟು ವೇಗ ಬ್ಯಾಡ ನಮಗ, ನಸುಕು ಮಾತ್ರ ತಗೊಳ್ರಿ. ಏಪ್ರಿಲ್ ಮೇ ತಿಂಗಳದಾಗ ಕಲಬುರಗಿ ಬಿಸಿಲು 42, 43ಕ್ಕ ಹೋದಾಗ ಮಧ್ಯಾಹ್ನ ಪಂಖಾದ ಕೆಳಗ ಕುಂತ್ರೂ ತಲಿ ನಡಿಯಂಗಿಲ್ಲ, ಅದರಾಗ ಕರೆಂಟ್ ಬ್ಯಾರೆ ಹೋಗ್ತದ. ಐದಕ್ಕ ಎದ್ದು ಆರೂವರಿತನಕ ಕುಂತ್ರ ಆ ದಿನದ ಬಾಕಿ ತೀರಿತು.

ಗಡುವು ತಾರೀಖಿಗೆ ಹಾಕೋದಕಿಂತ ಊರಿನ ಕ್ಯಾಲೆಂಡರಿಗೆ ಹಾಕ್ರಿ, ಅದು ಮರೆಯಂಗಿಲ್ಲ. ಹೊಲ ಇದ್ದವರು ಮುಂಗಾರು ಬಿತ್ತಿಗಿ ದಿನ ಮತ್ತ ಡಿಸೆಂಬರ್ ಜನವರಿ ತೊಗರಿ ರಾಶಿ ದಿನ ಬಿಟ್ಟು ಲೆಕ್ಕ ಹಾಕ್ರಿ, ಆ ದಿನದಾಗ ಬರೀತೀನಂತ ಆಣಿ ಮಾಡಿದ್ರ ಆಗಂಗಿಲ್ಲ, ಆಗ್ಲಿಲ್ಲಂತ ಮನಸು ಮುರೀತದ. ಎಳ್ಳಮಾಸಿ ಚರಗ ಚೆಲ್ಲಿ, ರಾಶಿ ಮುಗಿಸಿ ಸುರು ಮಾಡಿದ್ರ ಶರಣಬಸವೇಶ್ವರ ಜಾತ್ರಿ ಹೊತ್ತಿಗೆ ಒಂದೆರಡು ಕಥಿ ಕೈಯಾಗ ಇರ್ತಾವ. ಕಾದಂಬರಿ ಆದ್ರ ಮುಂಗಾರಿತನಕ ಹಿಡೀರಿ.

ಇನ್ನೊಂದು ರೂಢಿ ಹೇಳ್ತೀನಿ, ಅಮೆರಿಕಾದ ಕಾದಂಬರಿಕಾರ ಹೆಮಿಂಗ್ವೇ ಹೊಸಬರಿಗೆ ಹೇಳ್ತಿದ್ದ ಮಾತು ಇದು: ಮುಂದ ಏನಾಗ್ತದ ಅಂತ ಗೊತ್ತಿರೋವಾಗೇ ಆ ದಿನದ್ದು ನಿಲ್ಲಸ್ರಿ. ಸೀನ್ ಪೂರಾ ಮುಗಿಸಿ ಎದ್ರ ಮರುದಿನ ಖಾಲಿ ಹಾಳಿ ಮುಂದ ಕುಂದ್ರಬೇಕಾಗ್ತದ. ಭಾಗಮ್ಮ ಕದಾ ತಗದಳು, ಹೊರಗ ಯಾರು ನಿಂತಾರಂತ ನಿಮಗ ಗೊತ್ತದ, ಅಲ್ಲೇ ಪೆನ್ ಇಡ್ರಿ. ಮರುದಿನ ಕುಂತ ಕೂಡ್ಲೇ ಕೈ ಓಡ್ತದ. ಇದು ಬ್ಯಾರೆ ಎಲ್ಲಾ ಟಿಪ್ಪಿನಕಿಂತ ನನಗ ಜಾಸ್ತಿ ಕೆಲಸಕ್ಕ ಬಂದದ.

ನಡುವ ಮನಸು ಬದಲಾದ್ರ

ಏಳನೇ ಅಧ್ಯಾಯಕ್ಕ ಬಂದಾಗ ಮಲ್ಲಪ್ಪಗ ಒಬ್ಬ ತಮ್ಮ ಇರಬೇಕಿತ್ತು ಅಂತ ಅನಸ್ತದ. ಹಿಂದ ಹೋಗಿ ತಮ್ಮನ್ನ ಎಲ್ಲಾ ಅಧ್ಯಾಯದಾಗ ಕುಂದರಸಲಿಕ್ಕ ಹೋಗಬ್ಯಾಡ್ರಿ. ಏಳನೇದರಾಗ ತಮ್ಮ ಮೊದಲಿಂದೇ ಇದ್ದ ಅನ್ನೋಹಂಗ ಬರೀರಿ, "ಕಾಕಾ ಊಟಕ್ಕ ಬಂದ" ಅಂತ ಹಾಕಿ ನಡೀರಿ. ಬ್ಯಾರೆ ಒಂದು ಹಾಳಿ ಮ್ಯಾಲ "ತಿದ್ದೋದು" ಅಂತ ಹೆಸರಿಟ್ಟು "ಮೊದಲನೇ ಅಧ್ಯಾಯದಾಗ ಕಾಕಾನ್ನ ತರಬೇಕು" ಅಂತ ಒಂದು ಸಾಲು. ಆ ಹಾಳಿ ತುಂಬತಾ ಹೋಗ್ಲಿ. ಹತ್ತನೇದರಾಗ ಕಾಕಾ ಬ್ಯಾಡ ಅನಸಿದ್ರ ಆ ಸಾಲು ಹೊಡದ್ರ ಮುಗೀತು, ಆರು ಅಧ್ಯಾಯ ಎರಡು ಸರ್ತಿ ತಿದ್ದೋದು ಉಳೀತು.

ಫೋನು, ನೋಟ್‌ಬುಕ್ಕು, ನುಡಿ

ಯಾವ್ದರಾಗ ಬೇಕಾದ್ರೂ ಬರೀರಿ, ಆದ್ರ ಒಂದೇ ಜಾಗಾದಾಗ ಬರೀರಿ. ಅರ್ಧ ವಾಟ್ಸಾಪಿನ್ಯಾಗ ನಮಗ ನಾವೇ ಕಳಿಸಿದ ಮೆಸೇಜು, ಅರ್ಧ ಡೈರಿದಾಗ ಇದ್ರ ಜೋಡಿಸೋದ್ರಾಗೇ ಉಮೇದು ಹೋಗ್ತದ. ಆಫೀಸಿನ ಕಂಪ್ಯೂಟರದಾಗ ಹಳೇ ನುಡಿ ಫಾಂಟಿನ್ಯಾಗ ಟೈಪ್ ಮಾಡೋ ರೂಢಿ ಇದ್ದವರು ಒಂದು ನೋಡ್ಕೊಳ್ರಿ, ಅದು ಯುನಿಕೋಡ್ (ಎಲ್ಲಾ ಫೋನು ಕಂಪ್ಯೂಟರಿಗೆ ತಿಳಿಯೋ ಅಕ್ಷರ ಪದ್ಧತಿ) ಅಲ್ಲಂದ್ರ ಫೋನಿನ್ಯಾಗ ತಗದಾಗ ಬರೇ ಚಿತ್ರವಿಚಿತ್ರ ಅಕ್ಷರ ಕಾಣ್ತಾವ. ಯುನಿಕೋಡಿನ್ಯಾಗೇ ಬರೀರಿ. ಗೂಗಲ್ ಡಾಕ್ಸಿನ್ಯಾಗ ಇಟ್ರ ತಾನೇ ಸೇವ್ ಆಗ್ತದ, ಫೋನ್ ಕಳದ್ರೂ ಕಥಿ ಕಳಿಯಂಗಿಲ್ಲ. ನೋಟ್‌ಬುಕ್ಕಿನವರು ವಾರಕ್ಕೊಮ್ಮೆ ಪುಟದ ಫೋಟೋ ಹೊಡಕೊಳ್ರಿ.

ಕನ್ನಡ ವಾಯ್ಸ್ ಟೈಪಿಂಗ್ ಬಿ ಅದ, ಹೊಲಕ್ಕ ಹೋಗ್ತಾ ಬರ್ತಾ ಮಾತಾಡಿ ಬರಸಬಹುದು. ನಮ್ಮ ಮಾತು ಅದಕ್ಕ ಪೂರಾ ತಿಳಿಯಂಗಿಲ್ಲ, ಏನೇನೋ ಹಾಕ್ತದ, ಆದ್ರ ಮೊದಲನೇ ಡ್ರಾಫ್ಟಿಗೆ ಅಷ್ಟು ಸಾಕು. ಹೇಳಿದ ದಿನಾನೇ ಒಮ್ಮೆ ಕಣ್ಣಾಡಸ್ರಿ, ಇಲ್ಲಂದ್ರ ಎರಡು ದಿನ ಬಿಟ್ಟು ನೋಡಿದ್ರ ಏನು ಹೇಳಿದ್ರಿ ಅಂತ ನಿಮಗೇ ತಿಳಿಯಂಗಿಲ್ಲ.

ಮುಗಿಯೋತನಕ ಯಾರಿಗೂ ತೋರಸಬ್ಯಾಡ್ರಿ

ದೋಸ್ತ ಛಲೋ ಅದ ಅಂದ್ರ ಸಮಾಧಾನ ಆಗಿ ನಿಲ್ತೀರಿ, ಛಲೋ ಇಲ್ಲ ಅಂದ್ರ ಬ್ಯಾಸರ ಆಗಿ ನಿಲ್ತೀರಿ. ಎರಡರಾಗೂ ನಿಲ್ಲೋದೇ. ಕೇಳಿದವರಿಗೆ "ನಡದದ್ರಿ" ಅಂತ ಹೇಳಿ ಮಾತು ಬ್ಯಾರೆ ಕಡಿ ತಿರುಗಸ್ರಿ. ಕಥಿ ಬಾಯಿಲೆ ಪೂರಾ ಹೇಳಿಬಿಟ್ರ ಬಿ ಬರೆಯೋ ಹಸಿವು ಅರ್ಧ ಹೋಗ್ತದ.

ಕಡೀ ಸೀನ್ ಬಂದ ಮ್ಯಾಲ

ಕಡೀ ಸೀನ್ ಹತ್ರ ಬಂದಾಗ ಒಂದು ಥರ ಕೈ ನಿಧಾನ ಆಗ್ತದ, ಇನ್ನೂ ಒಂದು ಅಧ್ಯಾಯ ಬೇಕೇನೋ ಅನಸ್ತದ, ಹೊಸಾ ಕಥಿ ಐಡಿಯಾ ಬರ್ಲಿಕ್ಕ ಸುರು ಆಗ್ತಾವ, ಅವು ಭಾಳ ಚಂದ ಕಾಣ್ತಾವ. ಐಡಿಯಾ ಒಂದು ಸಾಲಿನ್ಯಾಗ ಬರದಿಟ್ಟು ಇದನ್ನ ಮುಗಸ್ರಿ. ಅಪ್ಪ ಸ್ಟೇಷನ್ನಿಗೆ ಬಂದ, ರೈಲು ಹೋಗಿತ್ತು, ಸಾಕು. ಕೆಳಗ ತಾರೀಖು ಹಾಕ್ರಿ.

ಆಮ್ಯಾಲ ಒಂದು ತಿಂಗಳು ಮುಟ್ಟಬ್ಯಾಡ್ರಿ. ತಿಂಗಳಾದ ಮ್ಯಾಲ ಪಿಡಿಎಫ್ ಮಾಡ್ಕೊಂಡು ಝೆರಾಕ್ಸ್ ಅಂಗಡಿಗೆ ಹೋಗ್ರಿ, ವರ್ಡ್ ಫೈಲ್ ಹಂಗೇ ಕೊಟ್ರ ಅವರ ಕಂಪ್ಯೂಟರದಾಗ ಕನ್ನಡ ಫಾಂಟ್ ಇಲ್ಲದೇ ಒತ್ತಕ್ಷರ ಎಲ್ಲಾ ಒಡದು ಬರ್ತಾವ. ಒಂದೇ ಬಾಜು ಪ್ರಿಂಟ್ ಹಾಕಸ್ರಿ, ಸಾಲಿನ ನಡುವ ಜಾಗಾ ಬಿಡಸ್ರಿ, ಪೆನ್ನಿಲೆ ಬರೀಲಿಕ್ಕ ಬೇಕಾಗ್ತದ. ಮೊದಲು ಒಮ್ಮೆ ಬರೇ ಓದ್ರಿ, ಎಲ್ಲಿ ಎಳದದ, ಎಲ್ಲಿ ಹರದದ ಅಂತ ಗೀಟು ಹೊಡೀರಿ ಅಷ್ಟ. ಆಮ್ಯಾಲ "ತಿದ್ದೋದು" ಹಾಳಿ ತಗೀರಿ, ಕಾಕಾನಂಥಾ ದೊಡ್ಡ ಬದಲಾವಣಿ ಮೊದಲು ಮಾಡ್ರಿ, ಯಾಕಂದ್ರ ಅದರಾಗ ಎಷ್ಟೋ ತೂತಿನ ಸೀನೇ ಹಾರಿ ಹೋಗ್ತಾವ. ಉಳದ ## ಆಮ್ಯಾಲ ಒಂದೊಂದೇ ತುಂಬ್ರಿ, ಹಾಲಿ ಸಿಕ್ಕಾ ಹುಡುಕಲಿಕ್ಕ ಲೈಬ್ರರಿಗೆ ಹೋಗೋದು ಈಗ.

ಇದಿಷ್ಟು ಆದ ಮ್ಯಾಲ ಒಬ್ಬರಿಗೆ ಓದಲಿಕ್ಕ ಕೊಡ್ರಿ, ಸಾಹಿತಿಗಳೇ ಆಗಬೇಕಂತಿಲ್ಲ, ಪುಸ್ತಕ ಓದೋ ರೂಢಿ ಇದ್ದವರಾದ್ರ ಆಯ್ತು. "ಹ್ಯಾಂಗದ?" ಅಂತ ಕೇಳಬ್ಯಾಡ್ರಿ, ಮಂದಿ ಛಲೋ ಅದರಿ ಅಂದು ಕೈ ತೊಳಕೋತಾರ. ಬ್ಯಾಸರ ಆಗಿ ಎಲ್ಲಿ ಕೆಳಗಿಟ್ರೋ ಆ ಪುಟದ ಮೂಲಿ ಮಡಚಿಡ್ರಿ ಅಂತ ಹೇಳಿ ಕೊಡ್ರಿ.